ಒಂದು ವಿಷಯದ ಪದವಿ, ಇನ್ನೊಂದು ವಿಷಯದ ಡಾಕ್ಟರೇಟು

ಸೊಲ್ಲಾಪುರದ ಮಕ್ಕಳಿಗೆ ‘ಡಾಕ್ಟರ’ ಎಂಬ ಶಬ್ದವು ಕಿವಿಗೆ ಬಿದ್ದೊಡನೆ ನೆನಪಾಗತಕ್ಕವರು ದ್ವಾರಕಾನಾಥ ಕೋಟಣೀಸರು. ೧೯೧೦ರಲ್ಲಿ ಈ ಊರಿನಲ್ಲಿ ಜನಿಸಿ, ಚೀನ ದೇಶದ ರಣಭೂಮಿಯಲ್ಲಿ ಗಾಯಾಳುಗಳ ಶುಶ್ರೂಷೆಯಲ್ಲಿ ತೊಡಗಿ, ೧೯೪೨ರಲ್ಲಿ ಅಲ್ಲಿಯೇ ದೇಹವಿಟ್ಟ ಆ ಮಹನೀಯರ ದೆಸೆಯಿಂದ, ಡಾಕ್ಟರನೆಂದರೆ ರೋಗಿಯ ನಾಡಿ ಹಿಡಿಯುವವನು ಎಂಬ ಭಾವನೆಯು ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಶಬ್ದದ ಮೂಲಾರ್ಥ ಬೇರೆ. ಲ್ಯಾಟಿನ್ ಭಾಷೆಯಲ್ಲಿ ಡಾಕ್ಟರ್ ಎಂದರೆ ಕಲಿಸುವವನು, ಗುರು. ಯಾವುದೊಂದು ವಿಷಯದಲ್ಲಿ ಹಿಂದಿನವರು ಅರಿತುದನ್ನು ತಾನೂ ಅರಿತು, ಅದಕ್ಕೆ ತನ್ನದೊಂದು ಹೊಸ ಸಂಗತಿಯನ್ನು ಕೂಡಿಸಿ, ಅದನ್ನು ಮಹಾಪ್ರಬಂಧವಾಗಿ ಬರೆದು, ಪಂಡಿತರು ಕೇಳುವ ಪ್ರಶ್ನೆಗಳಿಗೆ ಎದುರುನಿಂತು ಉತ್ತರ ಕೊಟ್ಟವನಿಗೆ ವಿಶ್ವವಿದ್ಯಾಲಯವು ಕೊಡುವ ಬಿರುದು ಅದು. ಪಿಎಚ್.ಡಿ. ಎಂದು ನಾವು ಕರೆಯುವುದು ಇದನ್ನೇ. ಈ ಲೇಖನದಲ್ಲಿ ವಿಚಾರಿಸಬೇಕೆಂದಿರುವುದು ಈ ಎರಡನೆಯ ಬಗೆಯ ಡಾಕ್ಟರರ ವಿಷಯ. ಅವರಲ್ಲಿಯೂ ಕಾಲೇಜಿನಲ್ಲಿ ಒಂದನ್ನು ಓದಿ, ಸಂಶೋಧನೆಯನ್ನು ಮತ್ತೊಂದರಲ್ಲಿ ಮಾಡಿದವರ ವಿಷಯ.

ಈ ವಿಚಾರವು ಶಾಲೆಯ ವಾರ್ಷಿಕ ಸಂಚಿಕೆಗೆ ತೀರ ದೂರದ್ದೆಂದು ಯಾರಾದರೂ ಎಣಿಸಬಹುದು. ದೂರದ್ದಲ್ಲ. ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿದ ಬೇಸಗೆಯಲ್ಲಿಯೇ ನಮ್ಮ ಮನೆಗಳಲ್ಲಿ ಕಲಾ, ವಾಣಿಜ್ಯ, ವಿಜ್ಞಾನವೆಂಬ ಮೂರು ಬಾಗಿಲುಗಳ ಮಾತು ಮೊದಲಾಗುತ್ತದೆ. ಬಿದ್ದ ಅಂಕಗಳನ್ನು ನೋಡಿ, ನೆರೆಮನೆಯವರ ಸಲಹೆ ಕೇಳಿ, ಅಕ್ಕಲಕೋಟೆಯಿಂದ ಹೊರಡುವ ಬಸ್ಸಿನ ವೇಳೆಯನ್ನು ಸಹ ಲೆಕ್ಕಹಾಕಿ ಹದಿನೈದು ಹದಿನಾರರ ಮಗುವನ್ನು ಒಂದು ಬಾಗಿಲೊಳಗೆ ಕಳಿಸುತ್ತೇವೆ. ಕಳಿಸಿದ ಮೇಲೆ ಹಿಂದಿನಿಂದ ಅಗಳಿ ಬಿತ್ತೆಂದೇ ತಿಳಿಯುತ್ತೇವೆ. ಐದಾರು ವರ್ಷಗಳ ತರುವಾಯ ಆ ಮಗ ಬಿ.ಎಸ್ಸಿ. ಮುಗಿಸಿ ಬಂದು, ‘ನನಗೆ ಭಾಷೆಯ ಅಭ್ಯಾಸ ಮಾಡಬೇಕಾಗಿದೆ’ ಎಂದರೆ ಮನೆಯಲ್ಲಿ ದುಃಖ. ಇಷ್ಟು ವರ್ಷದ ಫೀ ನೀರಿನಲ್ಲಿ ಹೋಯಿತೇ ಎಂದು ತಂದೆ ಕೇಳುತ್ತಾನೆ. ಹೊಟ್ಟೆಬಟ್ಟೆ ಕಟ್ಟಿ ಓದಿಸಿದವನು ಹಾಗೆ ಕೇಳುವುದು ತಪ್ಪಲ್ಲ. ಆ ಪ್ರಶ್ನೆಗೆ ಉಪದೇಶದಿಂದಲ್ಲ, ನಾಲ್ಕು ಜನರ ಬಾಳಿನಿಂದ ಉತ್ತರ ಹುಡುಕುವುದು ಲೇಸು.

ಮೊದಲನೆಯವರು ಹುಟ್ಟಿನಿಂದ ನಮ್ಮವರಲ್ಲ. ಆದರೆ ಅವರು ಮಾಡಿದ ಕೆಲಸ ನಮ್ಮದು. ಜಾನ್ ಗಂಪರ್ಜ್ ಎಂಬವರು ೧೯೨೨ರಲ್ಲಿ ಜರ್ಮನಿಯಲ್ಲಿ ಒಂದು ಯಹೂದಿ ಮನೆತನದಲ್ಲಿ ಹುಟ್ಟಿದರು. ಹಿಟ್ಲರನ ಹಾವಳಿಯಿಂದ ದೇಶ ಬಿಟ್ಟು ಅಮೇರಿಕೆಯನ್ನು ಸೇರಿ, ೧೯೪೭ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಪದವಿ ಪಡೆದರು. ಉನ್ನತಾಭ್ಯಾಸಕ್ಕೆಂದು ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದವರು ಅಲ್ಲಿ ಭಾಷಾಶಾಸ್ತ್ರದ ಕಡೆಗೆ ಹೊರಳಿದರು. ೧೯೫೪ರಲ್ಲಿ ಅವರಿಗೆ ಡಾಕ್ಟರೇಟು ದೊರೆತದ್ದು ರಸಾಯನದಲ್ಲಲ್ಲ. ಜರ್ಮನಿಯಿಂದ ವಲಸೆ ಬಂದು ಮಿಶಿಗನ್ ಸೀಮೆಯಲ್ಲಿ ನೆಲೆಸಿದ್ದ ರೈತರ ಆಡುನುಡಿಯ ಅಭ್ಯಾಸಕ್ಕೆ. ಆ ಬಳಿಕ ಅವರು ಭಾರತಕ್ಕೆ ಬಂದು ಹಳ್ಳಿಗಳಲ್ಲಿ ಭಾಷೆಯನ್ನು ಪರೀಕ್ಷಿಸತೊಡಗಿದರು. ಅವರೂ ರಾಬರ್ಟ್ ವಿಲ್ಸನ್ ಎಂಬವರೂ ಕೂಡಿ ೧೯೭೧ರಲ್ಲಿ ಪ್ರಕಟಿಸಿದ ಒಂದು ಲೇಖನವು ಜಗತ್ತಿನ ಭಾಷಾಶಾಸ್ತ್ರಜ್ಞರೆಲ್ಲ ಓದುವಂಥದಾಯಿತು. ಅದರ ವಿಷಯವು ಸಾಂಗ್ಲಿ ಜಿಲ್ಲೆಯ ಕುಪವಾಡವೆಂಬ ಊರು.

ಕುಪವಾಡದಲ್ಲಿ ಅವರು ಕಂಡದ್ದೇನು? ಆ ಒಂದೇ ಊರಿನಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಎಂಬ ನಾಲ್ಕು ಭಾಷೆಗಳನ್ನಾಡುವ ಜನರು ಶತಮಾನಗಳಿಂದ ಕೂಡಿ ಬಾಳುತ್ತಿದ್ದರು. ಹೊಲದಲ್ಲಿ, ಪೇಟೆಯಲ್ಲಿ ಇವರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಬೇಕೇ ಬೇಕು. ಮನೆಯೊಳಗೆ ಮಾತ್ರ ಪ್ರತಿಯೊಬ್ಬರೂ ತಮ್ಮ ತಾಯ್ನುಡಿಯನ್ನು ಬಿಟ್ಟುಕೊಡಲಿಲ್ಲ. ಹೀಗಾಗಿ ಶಬ್ದಗಳು ಬೇರೆಯಾಗಿಯೇ ಉಳಿದು, ವಾಕ್ಯದ ಕಟ್ಟಡವು ಮಾತ್ರ ಬರಬರುತ್ತ ಒಂದೇ ಆಯಿತು. ಒಂದು ಭಾಷೆಯ ವಾಕ್ಯವನ್ನು ಶಬ್ದಕ್ಕೆ ಶಬ್ದವಿಟ್ಟು ಇನ್ನೊಂದಕ್ಕೆ ತಿರುಗಿಸಬಹುದಾದಷ್ಟು ಸಾಮ್ಯ ಬಂದಿತು.

ವಿದ್ಯಾರ್ಥಿಮಿತ್ರರೇ, ಇದನ್ನು ನೀವೇ ಪರೀಕ್ಷಿಸಿ ನೋಡಿರಿ. ‘ಇದು ನಿಮ್ಮ ಮನೆ’ ಎಂಬುದು ಪುಸ್ತಕದ ಕನ್ನಡ. ಇದರಲ್ಲಿ ಕ್ರಿಯಾಪದವಿಲ್ಲ, ಕನ್ನಡದ ಜಾಯಮಾನಕ್ಕೆ ಅದು ಬೇಕಾಗಿಲ್ಲ. ಮರಾಠಿಯಲ್ಲಿ ‘ಹೇ ತುಮಚಂ ಘರ ಆಹೇ’ ಎನ್ನಬೇಕು. ಕೊನೆಗೆ ‘ಆಹೇ’ ಎಂಬ ಕ್ರಿಯಾಪದ ಬಂದೇ ತೀರಬೇಕು. ಕುಪವಾಡದ ಕನ್ನಡಿಗರು ‘ಇದ ನಿಮ್ಮ ಮನೀ ಐತಿ’ ಎನ್ನುತ್ತಾರೆಂದು ಆ ಸಂಶೋಧಕರು ಬರೆದುಕೊಂಡರು. ಶಬ್ದವೆಲ್ಲ ಕನ್ನಡವೇ, ಕೊನೆಯ ‘ಐತಿ’ಯನ್ನು ತಂದು ಕೂಡಿಸಿದ್ದು ಮರಾಠಿಯ ರೂಢಿ. ಗಡಿನಾಡಿನ ಮನೆಗಳಲ್ಲಿ ಇಂಥ ವಾಕ್ಯಗಳಿಗೇನು ಬರವೇ? ನಿಮ್ಮ ಅಜ್ಜಿಯ ಬಾಯಲ್ಲಿ ಇದನ್ನು ಕೇಳಿದ ಮಕ್ಕಳೇ ನಿಮ್ಮಲ್ಲಿ ಹೆಚ್ಚು ಇರಬಹುದು.

ಕೊಡುಕೊಳ್ಳುವಿಕೆಯು ಒಂದೇ ಕಡೆಯದಲ್ಲವೆಂಬುದನ್ನೂ ಲಕ್ಷ್ಯದಲ್ಲಿಡಬೇಕು. ಮರಾಠಿಯಲ್ಲಿ ಪುಸ್ತಕವು ನಪುಂಸಕಲಿಂಗ, ವಹಿಯು ಸ್ತ್ರೀಲಿಂಗ, ಕಾಗದವು ಪುಲ್ಲಿಂಗ. ಕನ್ನಡ ಶಾಲೆಯ ಮಗುವಿಗೆ ಮರಾಠಿ ಕಲಿಯುವಾಗ ಇದೊಂದು ದೊಡ್ಡ ತೊಡಕು. ಕನ್ನಡದಲ್ಲಿ ಈ ಮೂರೂ ‘ಅದು’. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮಿಕ್ಕದ್ದೆಲ್ಲ ನಪುಂಸಕ. ಅರ್ಥವೇ ಲಿಂಗವನ್ನು ಹೇಳುತ್ತದೆ. ಕುಪವಾಡದ ಮರಾಠಿಯು ಈ ಸುಲಭವಾದ ಕನ್ನಡ ಪದ್ಧತಿಯನ್ನೇ ಹಿಡಿದು ನಡೆಯುತ್ತದೆಂದು ಆ ಲೇಖನವು ತೋರಿಸಿತು. ನಮ್ಮ ಹಳ್ಳಿಯವರ ಭಾಷೆ ಕೆಟ್ಟುಹೋಗಿದೆ, ಕಲಬೆರಕೆಯಾಗಿದೆ ಎಂದು ಪೇಟೆಯವರು ನಗುವುದುಂಟಷ್ಟೇ. ಆ ಕಲಬೆರಕೆಯೊಳಗೆ ಒಂದು ನಿಯಮವಿದೆಯೆಂದು ಕಂಡುಹಿಡಿದವರಲ್ಲಿ ಒಬ್ಬರು ರಸಾಯನಶಾಸ್ತ್ರದ ಪದವೀಧರರು. ಎರಡು ದ್ರವಗಳು ಬೆರೆತಾಗ ಕೇವಲ ಬೆರೆತವೋ, ಹೊಸದೊಂದು ಸಂಯುಕ್ತವಾಯಿತೋ ಎಂದು ಕೇಳುವ ಅಭ್ಯಾಸವು ಅವರಿಗೆ ಇಲ್ಲಿ ಒದಗಿತೇನೋ ಎಂದು ನನಗೆ ತೋರುತ್ತದೆ. ಇದು ನನ್ನ ಊಹೆ ಮಾತ್ರ.

ಎರಡನೆಯವರು ಅಪ್ಪಟ ಮೈಸೂರಿನವರು. ಎ. ಕೆ. ರಾಮಾನುಜನ್ನರು ೧೯೨೯ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ತಂದೆ ಗಣಿತದ ಪ್ರಾಧ್ಯಾಪಕರು. ಮನೆಯ ಮಾತು ತಮಿಳು, ಬೀದಿಯ ಮಾತು ಕನ್ನಡ, ತಂದೆಯವರ ಓದುವ ಕೋಣೆಯಲ್ಲಿ ಇಂಗ್ಲೀಷು. ಮಗನು ಕಾಲೇಜಿನಲ್ಲಿ ವಿಜ್ಞಾನದಿಂದ ಮೊದಲುಮಾಡಿ, ಅದನ್ನು ಬಿಟ್ಟು, ಇಂಗ್ಲೀಷ್ ಸಾಹಿತ್ಯದಲ್ಲಿ ಪದವಿಯನ್ನೂ ಎಂ.ಎ.ಯನ್ನೂ ಪಡೆದನು. ಮುಂದೆ ಹಲವು ಊರುಗಳ ಕಾಲೇಜುಗಳಲ್ಲಿ ಇಂಗ್ಲೀಷ್ ಕಲಿಸುವ ಕೆಲಸ. ಅವುಗಳಲ್ಲಿ ಬೆಳಗಾವಿಯೂ ಒಂದು. ಬೆಳಗಾವಿಯಲ್ಲಿದ್ದಾಗ ಈ ಇಂಗ್ಲೀಷ್ ಅಧ್ಯಾಪಕರು ಸುತ್ತಲಿನ ಊರುಗಳ ಹೆಂಗಸರು ಹೇಳುವ ಕನ್ನಡ ಕತೆಗಳನ್ನೂ ಗಾದೆಗಳನ್ನೂ ಬರೆದುಕೊಳ್ಳಹತ್ತಿದರು. ಅದಕ್ಕೆ ಯಾರೂ ಅಂಕ ಕೊಡುವವರಿರಲಿಲ್ಲ, ಸಂಬಳ ಹೆಚ್ಚಿಸುವವರೂ ಇರಲಿಲ್ಲ.

ಆದರೆ ಕತೆ ಕೂಡಿಹಾಕಿದ ಮಾತ್ರಕ್ಕೆ ಶಾಸ್ತ್ರವಾಗುವುದಿಲ್ಲ. ರಾಮಾನುಜನ್ನರು ಪುಣೆಯ ಡೆಕ್ಕನ್ ಕಾಲೇಜಿಗೆ ಹೋಗಿ ೧೯೫೮ರಲ್ಲಿ ಭಾಷಾಶಾಸ್ತ್ರದ ಡಿಪ್ಲೋಮಾ ಮಾಡಿದರು. ಆಗ ಅವರಿಗೆ ವಯಸ್ಸು ಇಪ್ಪತ್ತೊಂಬತ್ತು. ಅಧ್ಯಾಪಕರಾಗಿದ್ದವರು ಪುನಃ ಬೆಂಚಿನ ಮೇಲೆ ಕುಳಿತು ಅ-ಆದಿಂದ ಕಲಿತರು. ಮರುವರ್ಷ ಅಮೇರಿಕೆಗೆ ಹೋಗಿ, ೧೯೬೩ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಭಾಷಾಶಾಸ್ತ್ರದಲ್ಲಿ ಡಾಕ್ಟರೇಟು ಪಡೆದರು. ಪ್ರಬಂಧದ ವಿಷಯ ಕನ್ನಡ ವ್ಯಾಕರಣ. ಅದೂ ಕೇಶಿರಾಜನ ಮಾರ್ಗದ ವ್ಯಾಕರಣವಲ್ಲ. ನೋಮ್ ಚಾಮ್‌ಸ್ಕಿ ಎಂಬ ಪಂಡಿತರು ೧೯೫೭ರಲ್ಲಿ ಪ್ರಕಟಿಸಿದ ಹೊಸ ಪದ್ಧತಿಯ ವ್ಯಾಕರಣ.

ಆ ಪದ್ಧತಿಯ ತಿರುಳನ್ನು ಚಿಕ್ಕದೊಂದು ಉದಾಹರಣೆಯಿಂದ ತಿಳಿಯಬಹುದು. ‘ಹುಡುಗ ಬಂದನು, ಹುಡುಗಿ ಬಂದಳು, ಮಳೆ ಬಂದಿತು.’ ನಾಲ್ಕು ವರ್ಷದ ಕನ್ನಡ ಮಗುವು ‘ಮಳೆ ಬಂದಳು’ ಎಂದು ಹೇಳುವುದಿಲ್ಲ. ಯಾರು ಕಲಿಸಿದರು? ಅಷ್ಟೇ ಅಲ್ಲ, ಅದು ಹಿಂದೆಂದೂ ಕೇಳದ ಶಬ್ದವನ್ನು ಕೊಟ್ಟರೂ ಕ್ರಿಯಾಪದದ ಕೊನೆಯನ್ನು ಸರಿಯಾಗಿ ಹಚ್ಚುತ್ತದೆ. ಅಂದಮೇಲೆ ಮಗುವಿನ ತಲೆಯಲ್ಲಿ ವಾಕ್ಯಗಳ ರಾಶಿಯಿಲ್ಲ. ಎಣಿಕೆಗೆ ಸಿಗುವ ಕೆಲವು ನಿಯಮಗಳಿವೆ, ಆ ನಿಯಮಗಳಿಂದ ಎಣಿಕೆಗೆ ಸಿಗದಷ್ಟು ವಾಕ್ಯಗಳು ಹುಟ್ಟುತ್ತವೆ. ಆ ನಿಯಮಗಳನ್ನು ಬೀಜಗಣಿತದಂತೆ ಬರೆದು ತೋರಿಸುವುದೇ ಹೊಸ ವ್ಯಾಕರಣದ ಉದ್ದೇಶ. ಗಣಿತದ ಮನೆಯಿಂದ ತಪ್ಪಿಸಿಕೊಂಡು ಸಾಹಿತ್ಯಕ್ಕೆ ಹೋದ ಮಗನು ಕೊನೆಗೆ ಬಂದು ನಿಂತದ್ದು ಗಣಿತದಂತಹ ವ್ಯಾಕರಣದ ಎದುರಿಗೇ. ಮುಂದೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಅವರು ವಚನಗಳನ್ನು ಇಂಗ್ಲೀಷಿಗೆ ತಂದು ೧೯೭೩ರಲ್ಲಿ ಪ್ರಕಟಿಸಿದರು. ಇಂಗ್ಲೀಷ್ ಸಾಹಿತ್ಯದ ಪದವಿ ವ್ಯರ್ಥವಾಯಿತೆಂದು ಯಾರು ಹೇಳಿಯಾರು?

ಡೆಕ್ಕನ್ ಕಾಲೇಜಿನ ಹೆಸರು ಬಂದದ್ದರಿಂದ ಆ ಸಂಸ್ಥೆಯ ಬಗ್ಗೆ ಒಂದು ಮಾತು. ೧೮೨೧ರಲ್ಲಿ ಸಂಸ್ಕೃತ ಪಾಠಶಾಲೆಯಾಗಿ ಆರಂಭವಾದ ಆ ವಿದ್ಯಾಲಯವನ್ನು ಸರಕಾರವು ೧೯೩೪ರಲ್ಲಿ ಮುಚ್ಚಿತು. ಹಳೆಯ ವಿದ್ಯಾರ್ಥಿಗಳು ಬಿಡದೆ ಹೋರಾಡಿದ್ದರಿಂದ ೧೯೩೯ರಲ್ಲಿ ಅದು ಸಂಶೋಧನ ಸಂಸ್ಥೆಯಾಗಿ ಮತ್ತೆ ತೆರೆಯಿತು. ಅಲ್ಲಿ ಆ ವರ್ಷವೇ ಕೆಲಸಕ್ಕೆ ಸೇರಿದ ಒಬ್ಬ ಮಹಿಳೆಯೇ ನಮ್ಮ ಮೂರನೆಯ ಉದಾಹರಣೆ.

ಇರಾವತಿ ಕರ್ವೆಯವರು ೧೯೦೫ರಲ್ಲಿ ಬ್ರಹ್ಮದೇಶದಲ್ಲಿ ಹುಟ್ಟಿದರು. ಅಲ್ಲಿಯ ನದಿಯ ಹೆಸರನ್ನೇ ತಂದೆತಾಯಿ ಮಗಳಿಗೆ ಇಟ್ಟರು. ೧೯೨೬ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ ತತ್ತ್ವಜ್ಞಾನದಲ್ಲಿ ಬಿ.ಎ., ಎರಡು ವರ್ಷಗಳ ಬಳಿಕ ಮುಂಬಯಿಯಲ್ಲಿ ಸಮಾಜಶಾಸ್ತ್ರದಲ್ಲಿ ಎಂ.ಎ. ಆ ಮೇಲೆ ಬರ್ಲಿನ್ನಿಗೆ ಹೋಗಿ ಅವರು ಡಾಕ್ಟರೇಟಿಗೆ ಎತ್ತಿಕೊಂಡ ವಿಷಯವು ಮನುಷ್ಯರ ತಲೆಬುರುಡೆ! ತತ್ತ್ವಜ್ಞಾನದ ಪದವೀಧರೆಯು ಅಳತೆಗೋಲು ಹಿಡಿದು ಬುರುಡೆಗಳ ಎಡ-ಬಲ ಭಾಗಗಳನ್ನು ಅಳೆಯಬೇಕಾಯಿತು. ಅವರ ಮಾರ್ಗದರ್ಶಕರಾದ ಯೂಜೆನ್ ಫಿಶರ್ ಎಂಬವರು ಜನಾಂಗಗಳಲ್ಲಿ ಉಚ್ಚನೀಚವುಂಟೆಂದು ನಂಬಿದವರು. ಬುರುಡೆಯ ವಕ್ರತೆಗೂ ಜನಾಂಗಕ್ಕೂ ಸಂಬಂಧವಿಲ್ಲವೆಂದು ಅಳತೆಯಿಂದ ಕಂಡಾಗ ಈ ಇಪ್ಪತ್ತೈದರೊಳಗಿನ ತರುಣಿಯು ಗುರುವಿನ ನಂಬಿಕೆಗೆ ಅಂಜದೆ, ಕಂಡದ್ದನ್ನು ಕಂಡಂತೆಯೇ ಬರೆದರು. ಡಾಕ್ಟರೇಟು ಬಂತು. ಹೊಸ ಶಾಸ್ತ್ರದ ಉಪಕರಣವನ್ನು ಕಲಿತರು, ಆ ಶಾಸ್ತ್ರದ ಪಕ್ಷಪಾತವನ್ನು ಮಾತ್ರ ಕಲಿಯಲಿಲ್ಲ. ತತ್ತ್ವಜ್ಞಾನದ ಓದು ಇಲ್ಲಿ ಕೆಲಸ ಮಾಡಿರಬಹುದೇ ಎಂದು ಓದುಗರೇ ವಿಚಾರಿಸಲಿ. ಮುಂದೆ ಅವರು ನಮ್ಮ ಜಿಲ್ಲೆಯ ಪಂಢರಪುರಕ್ಕೆ ವಾರಕರಿಗಳ ಜೊತೆಗೆ ನಡೆದು ಹೋದರು, ಅದರ ಬಗ್ಗೆ ಬರೆದರು. ೧೯೫೩ರಲ್ಲಿ ಭಾರತದ ಬಂಧುತ್ವ ಪದ್ಧತಿಗಳ ಮೇಲೆ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಸೋದರಮಾವನಿಗೆ ಹೆಣ್ಣು ಕೊಡುವ ದಕ್ಷಿಣದ ರೂಢಿಯು ಉತ್ತರದವರಿಗೇಕೆ ಸೋಜಿಗವೆಂಬುದು ಅದನ್ನು ಓದಿದರೆ ತಿಳಿಯುತ್ತದೆ.

ನಾಲ್ಕನೆಯವರು ಸೊಲ್ಲಾಪುರದಿಂದ ಸುಮಾರು ನೂರು ಕಿಲೋಮೀಟರ ದೂರದ ವಿಜಾಪುರದ ವಕೀಲರು, ಫ. ಗು. ಹಳಕಟ್ಟಿಯವರು. ಇವರ ವಿಷಯವನ್ನು ನಮ್ಮ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ೧೯೦೪ರಲ್ಲಿ ಕಾಯದೆಯ ಪದವಿ ಪಡೆದ ಅವರು ಹೊತ್ತು ಕಳೆದದ್ದು ತಾಡವೋಲೆಗಳ ಶೋಧದಲ್ಲಿ. ೧೯೨೩ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಹೊರತಂದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಕರ್ನಾಟಕ ವಿಶ್ವವಿದ್ಯಾಲಯವು ೧೯೫೬ರಲ್ಲಿ ಗೌರವ ಡಿ.ಲಿಟ್. ಕೊಟ್ಟಿತು. ಗೌರವ ಪದವಿಯು ಪ್ರಬಂಧ ಬರೆದು ಪಡೆಯುವಂಥದಲ್ಲ, ಬಾಳಿನ ಕೆಲಸಕ್ಕೆ ಸಲ್ಲುವಂಥದು. ಆದುದರಿಂದ ಇದು ಮೊದಲಿನ ಮೂರರ ಸಾಲಿಗೆ ಪೂರ್ತಿ ಹೊಂದುವುದಿಲ್ಲ. ಆದರೂ ಸಾಕ್ಷ್ಯವನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ತೂಗುವ ವಕೀಲನ ಕಣ್ಣು ಹಸ್ತಪ್ರತಿಗಳ ಪರಿಷ್ಕರಣದಲ್ಲಿ ಅವರಿಗೆ ನೆರವಾಗಿರಬೇಕು.

ಈ ಬಾಳುಗಳನ್ನು ಕೂಡಿಸಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹಳೆಯ ವಿಷಯದಿಂದ ಅವರು ಒಯ್ದದ್ದು ನೋಡುವ ರೀತಿ. ಹೊಸ ವಿಷಯದ ಉಪಕರಣಗಳನ್ನಂತೂ ಮೊದಲಿನಿಂದಲೇ ಕಲಿಯಬೇಕಾಯಿತು, ಅದಕ್ಕೆ ವರ್ಷಗಳೇ ಹಿಡಿದವು. ಅಂದರೆ ಇದು ಜಿಗಿತವಲ್ಲ, ಸೇತುವೆ ಕಟ್ಟುವ ಕೆಲಸ. ಎಲ್ಲ ಹೊಳೆಗಳ ಅಗಲವೂ ಒಂದೇ ಅಲ್ಲ. ವಿಜ್ಞಾನ ಓದಿದವನು ಭಾಷಾಶಾಸ್ತ್ರ, ಪುರಾತತ್ತ್ವ, ಸಮಾಜಶಾಸ್ತ್ರಗಳಿಗೆ ಬರುವುದು ಸಾಧ್ಯ. ಸಾಹಿತ್ಯದ ಪದವೀಧರನು ಭೌತಶಾಸ್ತ್ರಕ್ಕೆ ಹೋಗುವುದು ಬಹಳ ಕಠಿಣ. ಗಣಿತದ ಮೆಟ್ಟಿಲುಗಳನ್ನು ಒಂದೊಂದಾಗಿಯೇ ಏರಬೇಕು, ನಡುವಿನವನ್ನು ಬಿಟ್ಟು ಏರಲು ಬಾರದು. ಇನ್ನು ರೋಗಿಗೆ ಔಷಧ ಕೊಡುವ ಅಧಿಕಾರವು ಯಾವ ಪಿಎಚ್.ಡಿ.ಯಿಂದಲೂ ಬರುವುದಿಲ್ಲ, ಅದಕ್ಕೆ ವೈದ್ಯಕೀಯ ಪದವಿಯೇ ಬೇಕು.

ಪಾಲಕರಿಗೆ ನಿಯಮಗಳ ಮಾತನ್ನೂ ಹೇಳಬೇಕಾಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೨೨ರ ನವೆಂಬರದಲ್ಲಿ ಗೊತ್ತುಮಾಡಿದ ಪ್ರಕಾರ, ಪಿಎಚ್.ಡಿ. ಪ್ರವೇಶಕ್ಕೆ ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ ೫೫ ಅಂಕಗಳಿರಬೇಕು, ಇಲ್ಲವೆ ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ ೭೫ ಇರಬೇಕು. ಪರಿಶಿಷ್ಟ, ಹಿಂದುಳಿದ ಮೊದಲಾದ ವರ್ಗದವರಿಗೆ ಶೇಕಡಾ ೫ರ ಸಡಿಲಿಕೆಯುಂಟು. ಅವಧಿಯು ಕನಿಷ್ಠ ೩ ವರ್ಷ, ಸಾಮಾನ್ಯವಾಗಿ ಗರಿಷ್ಠ ೬ ವರ್ಷ. ೨೦೨೪ರಲ್ಲಿ ಆಯೋಗವು ಇನ್ನೊಂದು ಹೆಜ್ಜೆಯನ್ನಿಟ್ಟು, ನಾಲ್ಕು ವರ್ಷದ ಪದವಿಯವರು ತಾವು ಓದಿದ ವಿಷಯ ಯಾವುದೇ ಇರಲಿ, ಸಂಶೋಧನೆ ಮಾಡಬೇಕೆಂದಿರುವ ವಿಷಯದಲ್ಲಿಯೇ ನೆಟ್ ಪರೀಕ್ಷೆಗೆ ಕೂಡ್ರಬಹುದೆಂದು ಸಾರಿತು. ಮೂರು ವರ್ಷದ ಪದವಿಯವರಿಗೆ ನೇರವಾದ ದಾರಿಯೆಂದರೆ ಹೊಸ ವಿಷಯದಲ್ಲಿ ಎಂ.ಎ. ಮಾಡುವುದು. ಆ ಎರಡು ವರ್ಷವೇ ಸೇತುವೆ. ಡೆಕ್ಕನ್ ಕಾಲೇಜಿನಲ್ಲಿ ಪುರಾತತ್ತ್ವ ಮತ್ತು ಭಾಷಾಶಾಸ್ತ್ರದ ಎಂ.ಎ.ಗಳಿಗೆ ಯಾವುದೇ ಶಾಖೆಯ ಪದವೀಧರರು ಅರ್ಜಿ ಹಾಕಬಹುದು. ಪುಣೆಯು ನಮಗೆ ಒಂದು ರಾತ್ರಿಯ ರೈಲಿನ ದೂರ. ೨೦೦೪ರಲ್ಲಿ ಸ್ಥಾಪಿತವಾದ ನಮ್ಮ ಸೊಲ್ಲಾಪುರ ವಿಶ್ವವಿದ್ಯಾಲಯವೇ ಮೊದಲಾಗಿ ಪ್ರತಿಯೊಂದು ವಿಶ್ವವಿದ್ಯಾಲಯವೂ ತನ್ನ ಉಪನಿಯಮಗಳನ್ನು ಆಗಾಗ ಪ್ರಕಟಿಸುತ್ತದೆ. ಅರ್ಜಿ ಹಾಕುವ ವರ್ಷದ ಪತ್ರಿಕೆಯನ್ನೇ ನೋಡತಕ್ಕದ್ದು, ಕೇಳಿದ ಮಾತನ್ನು ನಂಬಬಾರದು.

ಕಹಿಯಾದ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಹದಿನೆಂಟರಲ್ಲಿ ಕಾಲೇಜು ಸೇರಿದವನಿಗೆ ಡಾಕ್ಟರೇಟು ಕೈಗೆ ಬರುವ ಹೊತ್ತಿಗೆ ಇಪ್ಪತ್ತೆಂಟು ಮೂವತ್ತು ಆಗಬಹುದು. ಆ ವಯಸ್ಸಿನಲ್ಲಿ ಜೊತೆಯವರು ಮನೆ ಕಟ್ಟಿಸುತ್ತಿರುತ್ತಾರೆ. ಕಿರಿಯ ಸಂಶೋಧಕ ವೇತನ ದೊರೆತವರಿಗೆ ೨೦೨೩ರಿಂದ ತಿಂಗಳಿಗೆ ೩೭,೦೦೦ ರೂಪಾಯಿ ಗೊತ್ತಾಗಿದೆ. ಆದರೆ ಅದು ನೆಟ್ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಗಳಿಸಿದ ಕೆಲವರಿಗೆ ಮಾತ್ರ. ಇನ್ನೊಂದು: ೨೦೧೮ರ ನಿಯಮಗಳಂತೆ ಕಾಲೇಜಿನ ಅಧ್ಯಾಪಕ ಹುದ್ದೆಗೆ ಸಂಬಂಧಪಟ್ಟ ಅಥವಾ ಅದಕ್ಕೆ ಹತ್ತಿರದ ವಿಷಯದಲ್ಲಿಯೇ ಸ್ನಾತಕೋತ್ತರ ಪದವಿ ಬೇಕು. ಎಂ.ಎಸ್ಸಿ. ಒಂದರಲ್ಲಿ, ಪಿಎಚ್.ಡಿ. ದೂರದ ಮತ್ತೊಂದರಲ್ಲಿ ಆದರೆ ಎರಡು ಮನೆಯ ಅತಿಥಿಯು ಹಸಿದು ಮಲಗಿದಂತಾಗುವ ಭಯವಿದೆ. ಹೊಸ ವಿಷಯದ ಎಂ.ಎ.ಯನ್ನು ನಾನು ಒತ್ತಿ ಹೇಳುವುದು ಈ ಕಾರಣಕ್ಕಾಗಿಯೇ.

ಇಷ್ಟಾದರೂ ನಮ್ಮ ಸೀಮೆಯ ಮಕ್ಕಳಿಗೆ ಒಂದು ಅನುಕೂಲವುಂಟು. ಅದು ಪುಣೆ, ಬೆಂಗಳೂರುಗಳ ಮಕ್ಕಳಿಗೆ ಅಷ್ಟು ಸುಲಭವಾಗಿ ದೊರೆಯುವಂಥದಲ್ಲ. ಭೀಮಾ-ಸೀನಾ ನದಿಗಳು ಕೂಡುವ ಹತ್ತರಸಂಗ-ಕೂಡಲದಲ್ಲಿ ಶಕ ೯೪೦, ಅಂದರೆ ಕ್ರಿ.ಶ. ೧೦೧೮ರ ಮರಾಠಿ ಶಾಸನವೊಂದಿದೆ. ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲಿ ಅದರ ಗಣನೆಯಾಗುತ್ತದೆ. ಅದೇ ಜಿಲ್ಲೆಯ ಹಲವು ಗುಡಿಗಳ ಕಲ್ಲುಗಳಲ್ಲಿ ಕನ್ನಡವಿದೆ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮನು ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಈ ಎರಡನ್ನೂ ಒಂದೇ ಕಣ್ಣಿನಿಂದ ಓದಬಲ್ಲವರು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಕಲಿತವರೇ. ಸೊಲ್ಲಾಪುರದ ನೇಕಾರರ ಓಣಿಗಳಲ್ಲಿ ತೆಲುಗು ಇದೆ, ಪೇಟೆಯಲ್ಲಿ ಉರ್ದು ಇದೆ. ಗಂಪರ್ಜರು ಸಮುದ್ರ ದಾಟಿ ಬಂದು ಕುಪವಾಡದಲ್ಲಿ ಹುಡುಕಿದ ನಾಲ್ಕು ಭಾಷೆಗಳು ಇವೇ.

ಆದುದರಿಂದ ಬರುವ ರಜೆಯಲ್ಲಿ ಒಂದು ಅಭ್ಯಾಸ ಮಾಡಿರಿ. ವಹಿಯ ಪುಟದಲ್ಲಿ ನಾಲ್ಕು ಗೆರೆಮನೆಗಳನ್ನು ಎಳೆಯಿರಿ. ‘ಇದು ನಿಮ್ಮ ಮನೆ’, ‘ನಿನ್ನೆ ಮಳೆ ಬಂದಿತು’, ‘ಸೊಪ್ಪು ಕೊಯ್ದುಕೊಂಡು ಬಂದೆ’ ಮುಂತಾದ ಹತ್ತು ವಾಕ್ಯಗಳನ್ನು ನಾಲ್ಕು ಭಾಷೆಯವರ ಬಾಯಿಂದ ಕೇಳಿ, ಕೇಳಿದಂತೆಯೇ ಬರೆಯಿರಿ, ತಿದ್ದಬೇಡಿರಿ. ಹೇಳಿದವರ ವಯಸ್ಸು, ಊರು ಎರಡನ್ನೂ ಪಕ್ಕದಲ್ಲಿ ಗುರುತು ಮಾಡಿರಿ. ಬಳಿಕ ಶಬ್ದಕ್ಕೆ ಶಬ್ದ ಹೊಂದಿಸಿ, ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, ಶಾಲೆ ತೆರೆದ ದಿನ ನಿಮ್ಮ ಕನ್ನಡ ಗುರುಗಳ ಮೇಜಿನ ಮೇಲೆ ಇಡಿರಿ.